ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗ ದಾರಿ ತೋರಿಸುವುದು ಯಾರು? ಕಾರಿನ ನ್ಯಾವಿಗೇಶನ್ ಮತ್ತು ಮೊಬೈಲ್ ಮ್ಯಾಪ್

ಮಂಗಳೂರಿನಿಂದ ಬೆಂಗಳೂರಿಗೆ ಹೊರಟವರು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದಂತೆ ಮೊಬೈಲಿನ ಟವರ್ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಮಾತಾಡುತ್ತಿದ್ದ ಕಾಲ್ ಕಟ್ ಆಗುತ್ತದೆ, ಹಾಡು ನಿಲ್ಲುತ್ತದೆ. ಗೂಗಲ್ ಮ್ಯಾಪಿನ ನೀಲಿ ಬಾಣ ಮಾತ್ರ ರಸ್ತೆಯ ತಿರುವಿಗೆ ಸರಿಯಾಗಿ ತಿರುಗುತ್ತ ಮುಂದೆ ಹೋಗುತ್ತಲೇ ಇರುತ್ತದೆ. ಚಹಾ ಕುಡಿಯಲು ನಿಲ್ಲಿಸಿ, ಆ್ಯಪ್ ಮುಚ್ಚಿ, ಮತ್ತೆ ತೆರೆದು ಬೇರೆ ಊರಿಗೆ ದಾರಿ ಕೇಳಿ ನೋಡಿ. ಅದೇ ಮ್ಯಾಪ್ ಈಗ ಬೂದು ಬಣ್ಣದ ಖಾಲಿ ಪರದೆ ತೋರಿಸಿ ಕೂರುತ್ತದೆ. ಪಕ್ಕದಲ್ಲೇ ನಿಂತ ಇನ್ನೊಂದು ಕಾರಿನಲ್ಲಿ ಕಂಪನಿಯೇ ಅಳವಡಿಸಿಕೊಟ್ಟ ನ್ಯಾವಿಗೇಶನ್ ಇದ್ದರೆ ಅದಕ್ಕೆ ಈ ತೊಂದರೆ ತಟ್ಟುವುದಿಲ್ಲ.

ಹೀಗೇಕೆ ಎಂದು ತಿಳಿದರೆ ಕಾರಿನದ್ದು ಒಳ್ಳೆಯದೋ ಮೊಬೈಲಿನದ್ದು ಒಳ್ಳೆಯದೋ ಎಂಬ ಚರ್ಚೆಯ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ದಾರಿ ತೋರಿಸುವ ಯಾವುದೇ ಯಂತ್ರ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುತ್ತದೆ: ನಾನು ಈಗ ಎಲ್ಲಿದ್ದೇನೆ, ಇಲ್ಲಿ ಯಾವ ಯಾವ ರಸ್ತೆಗಳಿವೆ, ಆ ರಸ್ತೆಗಳು ಈಗ ಯಾವ ಸ್ಥಿತಿಯಲ್ಲಿವೆ. ಮೂರಕ್ಕೂ ಉತ್ತರ ಬರುವ ಜಾಗ ಬೇರೆ ಬೇರೆ. ನಾವು ಮೂರನ್ನೂ ಸೇರಿಸಿ "ಸಿಗ್ನಲ್" ಎಂದು ಕರೆಯುವುದರಿಂದ ಗೊಂದಲವಾಗುತ್ತದೆ.

ಎಲ್ಲಿದ್ದೇನೆ ಎಂಬ ಮೊದಲ ಪ್ರಶ್ನೆಗೆ ಮೊಬೈಲ್ ಟವರ್ ಬೇಕಾಗಿಯೇ ಇಲ್ಲ. ಅದಕ್ಕೆ ಉತ್ತರ ಆಕಾಶದಿಂದ ಬರುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ತಮ್ಮೊಳಗಿನ ಪರಮಾಣು ಗಡಿಯಾರದ ಸಮಯವನ್ನೂ ತಾವಿರುವ ಜಾಗವನ್ನೂ ಎಡೆಬಿಡದೆ ಬಿತ್ತರಿಸುತ್ತಿರುತ್ತವೆ. ನಿಮ್ಮ ಫೋನಾಗಲಿ ಕಾರಾಗಲಿ ಅದನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಮರಳಿ ಕಳಿಸುವುದಿಲ್ಲ. ಸಂಕೇತ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಜಾಗವೂ ಸಮಯವೂ ಖಚಿತವಾಗುತ್ತವೆ. ಸಂಕೇತ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವುದರಿಂದ, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಲೆಕ್ಕ ತಪ್ಪಿದರೂ ನೀವು 300 ಮೀಟರ್ ಆಚೆ ಇದ್ದಂತೆ ಕಾಣುತ್ತದೆ. ಇವತ್ತಿನ ಫೋನುಗಳು ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡು, ಹಲವು ಫೋನುಗಳಲ್ಲಿ ಇಸ್ರೊ 2013ರಿಂದ ಹಾರಿಸುತ್ತ ಬಂದ ನಾವಿಕ್ ಉಪಗ್ರಹಗಳೂ ಲೆಕ್ಕಕ್ಕೆ ಸೇರುತ್ತವೆ.

ಹಾಗಾದರೆ ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಆನ್ ಮಾಡಿದಾಗ ಚುಕ್ಕೆ ಕಾಣಿಸಿಕೊಳ್ಳಲು ತಡವೇಕೆ? ಉಪಗ್ರಹ ತನ್ನ ವಿವರವನ್ನು ಸೆಕೆಂಡಿಗೆ ಬರೇ 50 ಬಿಟ್ ವೇಗದಲ್ಲಿ ಹೇಳುತ್ತದೆ. ತಾನು ಎಲ್ಲಿದ್ದೇನೆ ಎಂಬ ಪೂರ್ತಿ ವಿವರ ಹೇಳಿ ಮುಗಿಸಲು ಅದಕ್ಕೆ 30 ಸೆಕೆಂಡು ಬೇಕು. ಮಧ್ಯೆ ಒಂದು ತಿರುವಿನಲ್ಲಿ ಗುಡ್ಡ ಅಡ್ಡ ಬಂದರೆ ಮತ್ತೆ ಮೊದಲಿಂದ ಶುರು. ನೆಟ್‌ವರ್ಕ್ ಇದ್ದರೆ ಫೋನ್ ಈ ವಿವರವನ್ನು ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಹಾಗಾಗಿ ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ತಕ್ಷಣ ಕಾಣುವ ಚುಕ್ಕೆ ಘಾಟಿಯಲ್ಲಿ ಸ್ವಲ್ಪ ಕಾಯಿಸುತ್ತದೆ. ಕಾಯಿಸಿದರೂ ಬರುತ್ತದೆ.

ನಕ್ಷೆ ಎಲ್ಲಿ ಇಟ್ಟಿದೆ?

ಎರಡನೇ ಪ್ರಶ್ನೆಯಲ್ಲಿ ಕಾರು ಮತ್ತು ಮೊಬೈಲ್ ಬೇರೆಯಾಗುತ್ತವೆ. ಕಾರಿನಲ್ಲಿ ಅಳವಡಿಸಿದ ನ್ಯಾವಿಗೇಶನ್ನಿನಲ್ಲಿ ಇಡೀ ದೇಶದ ನಕ್ಷೆ ಸಾಮಾನ್ಯವಾಗಿ ಕಾರಿನೊಳಗೇ, ಎಸ್‌ಡಿ ಕಾರ್ಡಿನಲ್ಲೋ ಯಂತ್ರದ ಮೆಮೊರಿಯಲ್ಲೋ ಇರುತ್ತದೆ. ಮೊಬೈಲ್ ಆ್ಯಪ್ ಬೇಕಾದ ತುಂಡನ್ನು ಬೇಕಾದಾಗ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ದಾರಿ ಹಾಕಿಕೊಂಡು ಹೊರಟಾಗ ಮುಂದಿನ ದಾರಿಯ ನಕ್ಷೆ ಆಗಲೇ ಫೋನಿಗೆ ಇಳಿದಿರುವುದರಿಂದ ಬಾಣ ನಿಲ್ಲದೆ ಸಾಗುತ್ತದೆ. ಹೊಸ ದಾರಿ ಕೇಳಿದಾಗ ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ.

ಇದಕ್ಕೆ ಪರಿಹಾರ ಆ್ಯಪಿನಲ್ಲೇ ಉಂಟು. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ಆಫ್‌ಲೈನ್ ಮ್ಯಾಪ್ ಎಂಬ ಆಯ್ಕೆ ಸಿಗುತ್ತದೆ. ಬೇಕಾದ ಪ್ರದೇಶಕ್ಕೆ ಚೌಕ ಎಳೆದು ಇಳಿಸಿಕೊಂಡರಾಯಿತು. ನೆಟ್‌ವರ್ಕ್ ಇಲ್ಲದೆಯೂ ಅದು ಕಾರಿನಲ್ಲಿ ಹೋಗುವ ದಾರಿ ಹುಡುಕಿ ಕೊಡುತ್ತದೆ. ಟ್ರಾಫಿಕ್ ತೋರಿಸುವುದಿಲ್ಲ, ಬದಲಿ ದಾರಿ ಸೂಚಿಸುವುದಿಲ್ಲ, ಅಷ್ಟೇ. ಇಷ್ಟು ಸುಲಭದ ಕೆಲಸವನ್ನು ಘಟ್ಟ ಹತ್ತುವ ನಮ್ಮ ಊರಿನವರಲ್ಲಿ ಹೆಚ್ಚಿನವರು ಮಾಡಿಕೊಳ್ಳದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕಾರಿನೊಳಗಿನ ನಕ್ಷೆಗೆ ಬೇರೆಯೇ ಕಾಯಿಲೆ: ಅದಕ್ಕೆ ವಯಸ್ಸಾಗುತ್ತದೆ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ ಕೊನೆಗೆ ಸಂಚಾರಕ್ಕೆ ತೆರೆಯಿತು. 2019ರಲ್ಲಿ ಕೊಂಡ ಕಾರಿನ ಕಾರ್ಡನ್ನು ಆಮೇಲೆ ಬದಲಿಸದಿದ್ದರೆ ಆ ಕಾರಿನ ಪಾಲಿಗೆ ಮೇಲ್ಸೇತುವೆ ಇನ್ನೂ ಕಟ್ಟಿಯೇ ಇಲ್ಲ. ಬಿ.ಸಿ.ರೋಡಿನಿಂದ ಆಚೆಗೆ ಚತುಷ್ಪಥ ಕಾಮಗಾರಿ ನಡೆದಲ್ಲೆಲ್ಲ ರಸ್ತೆ ಎಷ್ಟು ಸಲ ಎಡಕ್ಕೆ ಬಲಕ್ಕೆ ಸರಿದಿದೆ ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ಹಳೆಯ ನಕ್ಷೆಯ ಕಾರು ಅಲ್ಲಿ ಗದ್ದೆಯ ಮಧ್ಯೆ ಓಡುತ್ತಿರುವಂತೆ ತೋರಿಸುತ್ತದೆ. ಇಂಟರ್ನೆಟ್ ಸಂಪರ್ಕವಿರುವ ಹೊಸ ಕಾರುಗಳಲ್ಲಿ ನಕ್ಷೆ ತಾನಾಗಿ ನವೀಕರಣವಾಗುವುದುಂಟು. ಆದರೆ ಆ ಸೇವೆ ಎಷ್ಟು ವರ್ಷ ಉಚಿತ, ಆಮೇಲೆ ವರ್ಷಕ್ಕೆಷ್ಟು ಎಂದು ಬುಕಿಂಗ್ ಮಾಡುವ ಮೊದಲೇ ಬಾಯಿಬಿಟ್ಟು ಕೇಳಬೇಕು.

ಕಾರಿನೊಳಗಿನ ಹುಡುಕಾಟವೂ ಬಿಗಿ. ಹಲವು ಕಾರುಗಳಲ್ಲಿ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಅಕ್ಷರ ಅಕ್ಷರ ಸರಿಯಿರಬೇಕು. ಮೂಡುಬಿದಿರೆ, ಕಾಪು, ಬೈಂದೂರಿನಂಥ ಹೆಸರುಗಳನ್ನು ಬೋರ್ಡಿಗೊಂದು ರೀತಿ ಬರೆದಿರುವ ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ಕಷ್ಟವಲ್ಲ. ಮೊಬೈಲಿನಲ್ಲಿ ಕನ್ನಡದಲ್ಲೇ ಹೇಳಿದರೂ ಹುಡುಕುತ್ತದೆ, 2018ರಿಂದ ಗೂಗಲ್ ಮ್ಯಾಪ್ ಕನ್ನಡದಲ್ಲಿ ದಾರಿಯನ್ನೂ ಹೇಳುತ್ತದೆ.

ಸೇತುವೆಯ ಮೇಲೋ ಕೆಳಗೋ

ಪಂಪ್‌ವೆಲ್ ವಿಷಯ ಬಂದದ್ದರಿಂದ ಅಲ್ಲಿ ಸ್ವಲ್ಪ ನಿಂತು ನೋಡೋಣ. ತೊಕ್ಕೊಟ್ಟಿನಿಂದ ನೇತ್ರಾವತಿ ಸೇತುವೆ ದಾಟಿ ಬರುವವರಿಗೆ ಅಲ್ಲಿ ಎರಡು ಆಯ್ಕೆ. ಮೇಲ್ಸೇತುವೆ ಹತ್ತಿದರೆ ನೇರ ನಂತೂರು. ಸರ್ವಿಸ್ ರಸ್ತೆಗೆ ಇಳಿದರೆ ಎಡಕ್ಕೆ ಕಂಕನಾಡಿ, ಬಲಕ್ಕೆ ಪಡೀಲ್, ಬಿ.ಸಿ.ರೋಡ್. ಕಂಕನಾಡಿಯ ಆಸ್ಪತ್ರೆಗೆ ಹೊರಟವರು ಕೆಳಗೆ ಇಳಿಯಬೇಕಾದಲ್ಲಿ ಮೇಲೆ ಹತ್ತಿದರೆ ನಂತೂರಿನವರೆಗೆ ಹೋಗಿ ಸುತ್ತು ಹೊಡೆಯಬೇಕು.

ಬಯಲಿನಲ್ಲಿ, ಆಕಾಶ ಚೆನ್ನಾಗಿ ಕಾಣುವಲ್ಲಿ ಮೊಬೈಲ್ ತೋರಿಸುವ ಜಾಗ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಸರ್ವಿಸ್ ರಸ್ತೆಗೂ ಹೆದ್ದಾರಿಗೂ ನಡುವೆ ಇರುವುದು ಒಂದು ಗೋಡೆ. ಅಂದರೆ ನೀವು ಯಾವುದರಲ್ಲಿದ್ದೀರಿ ಎಂದು ಫೋನಿಗೆ ಖಚಿತವಾಗಿ ಗೊತ್ತಿಲ್ಲ. ಅದು ಹಿಂದಿನ ಕೆಲವು ಸೆಕೆಂಡುಗಳ ಚಲನೆ ನೋಡಿ, ನಕ್ಷೆಯ ಮೇಲಿನ ಯಾವ ರಸ್ತೆಗೆ ಇದು ಹೆಚ್ಚು ಹೊಂದುತ್ತದೆ ಎಂದು ಅಂದಾಜು ಮಾಡಿ ಬಾಣವನ್ನು ಆ ರಸ್ತೆಗೆ ಅಂಟಿಸುತ್ತದೆ. ಸಾಮಾನ್ಯವಾಗಿ ತಾನು ಹೇಳಿದ ದಾರಿಯಲ್ಲೇ ನೀವಿದ್ದೀರಿ ಎಂಬ ಕಡೆಗೆ ಅದರ ಒಲವು. ಹಾಗಾಗಿ ನೀವು ತಪ್ಪಿ ಮೇಲೆ ಹತ್ತಿದ್ದರೂ ಬಾಣ ಕೆಳಗಿನ ರಸ್ತೆಯಲ್ಲೇ ಓಡುತ್ತಿರುತ್ತದೆ, "ಎಡಕ್ಕೆ ತಿರುಗಿ" ಎನ್ನುತ್ತಿರುತ್ತದೆ. ತಪ್ಪು ಅದಕ್ಕೆ ತಿಳಿಯುವಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ತೊಕ್ಕೊಟ್ಟಿನಲ್ಲೂ ಉಡುಪಿಯ ಕರಾವಳಿ ಜಂಕ್ಷನ್ನಿನಲ್ಲೂ ಹೀಗೆಯೇ ಗಲಿಬಿಲಿಯಾಗಬಹುದು. ಇಂಥ ಕಡೆ ಬಾಣವನ್ನು ನೋಡದೆ ರಸ್ತೆಯ ಮೇಲಿನ ಹಸಿರು ಬೋರ್ಡನ್ನು ನೋಡುವುದೇ ಸರಿ.

ಕಾರಿನಲ್ಲೇ ಅಳವಡಿಸಿದ ವ್ಯವಸ್ಥೆಗೆ ಇಲ್ಲಿ ಸ್ವಲ್ಪ ಮೇಲುಗೈ. ಚಕ್ರ ಎಷ್ಟು ಸುತ್ತಿತು, ಸ್ಟಿಯರಿಂಗ್ ಎಷ್ಟು ತಿರುಗಿತು ಎಂಬುದು ಕಾರಿಗೆ ಗೊತ್ತು, ಫೋನಿಗೆ ಗೊತ್ತಿಲ್ಲ. ಉಪಗ್ರಹ ಕಾಣದಿದ್ದರೂ ಕೊನೆಯ ಸಲ ಗೊತ್ತಿದ್ದ ಜಾಗದಿಂದ ಇಷ್ಟು ಮೀಟರ್ ಮುಂದೆ, ಇಷ್ಟು ಡಿಗ್ರಿ ಎಡಕ್ಕೆ ಎಂದು ಕಾರು ಲೆಕ್ಕ ಹಾಕಿಕೊಳ್ಳಬಲ್ಲದು. ಕೆಲವು ಕಾರುಗಳು ಏರು ಇಳುಕಲನ್ನೂ ಗುರುತಿಸುತ್ತವೆ. ಈ ವಿದ್ಯೆ ಜಿಪಿಎಸ್‌ಗಿಂತ ಹಳೆಯದು. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಉಪಗ್ರಹದ ನೆರವೇ ಇಲ್ಲದೆ, ತಿರುವನ್ನು ಅಳೆಯುವ, ಹೀಲಿಯಂ ಅನಿಲದ ಗೈರೊಸ್ಕೋಪ್ ಬಳಸಿ ಕಾರಿನಲ್ಲಿ ದಾರಿ ತೋರಿಸುವ ಯಂತ್ರ ಮಾರಿತ್ತು. ಚಾಲಕ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ನಕ್ಷೆಯನ್ನು ಪರದೆಗೆ ಸಿಕ್ಕಿಸಬೇಕಿತ್ತು. 1985ರಲ್ಲಿ ಅಮೆರಿಕದ ಎಟಾಕ್ ಎಂಬ ಕಂಪನಿ ನಕ್ಷೆಯನ್ನು ಕ್ಯಾಸೆಟ್ಟಿನಲ್ಲಿ ಕೊಟ್ಟಿತು. ಜಿಪಿಎಸ್ ಅಳವಡಿಸಿದ ಕಾರು ಬಂದದ್ದು 1990ರಲ್ಲಿ, ಮಜ್ದಾ ಕಂಪನಿಯದ್ದು. ಸೇನೆಯ ಕಾರಣಕ್ಕೆ ಅಮೆರಿಕ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆಯೇ ಇದು ನಮ್ಮ ನಿಮ್ಮ ಬಳಕೆಗೆ ಒದಗುವಷ್ಟು ನಿಖರವಾಯಿತು.

ನಮ್ಮಲ್ಲಿ ಇದರ ಪ್ರಯೋಜನ ಎಲ್ಲಿ? ಮಾಲ್‌ಗಳ ನೆಲಮಾಳಿಗೆಯ ಪಾರ್ಕಿಂಗಿನಿಂದ ಹೊರಬರುವಾಗ, ಉಡುಪಿಯಿಂದ ಗೋವಾಕ್ಕೆ ಹೋಗುವಾಗ ಕಾರವಾರದ ಸುರಂಗದೊಳಗೆ. ಘಾಟಿಯ ಕಾಡಿನೊಳಗೂ ಸ್ವಲ್ಪ. ಇದಕ್ಕಾಗಿಯೇ ದುಡ್ಡು ಕೊಡಬೇಕು ಅನ್ನುವಷ್ಟಲ್ಲ.

ಫೋನನ್ನು ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಮೂಲಕ ಕಾರಿನ ಪರದೆಗೆ ಜೋಡಿಸಿದಾಗ ಎರಡೂ ಬೆರೆಯುತ್ತವೆ. ಲೆಕ್ಕ ಹಾಕುವುದು ಫೋನ್, ತೋರಿಸುವುದು ಕಾರು. ಹಲವು ಕಾರುಗಳು ತಮ್ಮ ಮಾಡಿನ ಮೇಲಿನ ಆಂಟೆನಾದಿಂದ ಸಿಕ್ಕ ಜಾಗದ ಮಾಹಿತಿಯನ್ನೂ ಫೋನಿಗೆ ಕೊಡುತ್ತವೆ. ಆಗ ಫೋನ್ ಸೀಟಿನ ಪಕ್ಕದ ಡಬ್ಬಿಯೊಳಗಿದ್ದರೂ ಜಾಗ ಸರಿ ಬರುತ್ತದೆ. ಕಾರು ಇದನ್ನು ಕೊಡದಿದ್ದರೆ ಫೋನಿಗೆ ಆಕಾಶ ಕಾಣಬೇಕು, ಎಂದರೆ ಅದು ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಹತ್ತಿರ ಇರಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಅಲ್ಲಿಟ್ಟ ಫೋನ್ ಕಾದು ಪರದೆ ಮಂಕಾಗಿ ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಐಫೋನನ್ನು 35 ಡಿಗ್ರಿಗಿಂತ ಬಿಸಿ ಇರುವಲ್ಲಿ ಬಳಸಬೇಡಿ ಎಂದು ಅದರ ಕಂಪನಿಯೇ ಹೇಳುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ಅದನ್ನು ದಾಟಲು ಹೆಚ್ಚು ಹೊತ್ತು ಬೇಡ. ಎಸಿ ಗಾಳಿ ಬರುವಲ್ಲಿ ಸಿಕ್ಕಿಸುವ ಹೋಲ್ಡರ್ ಇಲ್ಲಿಗೆ ಒಳ್ಳೆಯದು. ಕೈಯಲ್ಲಿ ಹಿಡಿದು ನೋಡುವುದಂತೂ ಬೇಡ. ಮೋಟಾರು ವಾಹನ ನಿಯಮಗಳಿಗೆ ಬಂದ, 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿ ಚಾಲನೆಯ ಹೊತ್ತಿಗೆ ಫೋನ್ ಬಳಸಲು ಅನುಮತಿ ಕೊಟ್ಟಿರುವುದು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ.

ರಸ್ತೆ ಈಗ ಹೇಗಿದೆ

ಮೂರನೇ ಪ್ರಶ್ನೆಗೆ ಮೊಬೈಲ್ ಆ್ಯಪಿನ ಉತ್ತರ ಉಳಿದ ಮೊಬೈಲುಗಳಿಂದ ಬರುತ್ತದೆ. ನಂತೂರು ಸರ್ಕಲಿನಲ್ಲೋ ಕೂಳೂರು ಸೇತುವೆಯ ಹತ್ತಿರವೋ ರಸ್ತೆ ಕೆಂಪಾಗಿ ಕಂಡರೆ, ಅಲ್ಲಿ ಸಿಕ್ಕಿಹಾಕಿಕೊಂಡವರ ಫೋನುಗಳು ನಿಧಾನವಾಗಿ ಚಲಿಸುತ್ತಿವೆ ಎಂದು ಅರ್ಥ. ಹೆಚ್ಚು ಫೋನುಗಳಿರುವಲ್ಲಿ ಈ ಮಾಹಿತಿ ನಂಬುವಂಥದ್ದು. ಮಂಗಳೂರು ಪೇಟೆಯೊಳಗೆ ಮೊಬೈಲ್ ಮ್ಯಾಪನ್ನು ಮೀರಿಸುವ ಕಾರಿನ ನ್ಯಾವಿಗೇಶನ್ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ ಉತ್ಸವದ ಹೊತ್ತಿಗೆ ಜೋಡುಕಟ್ಟೆ, ರಥಬೀದಿಯ ಸುತ್ತಲಿನ ರಸ್ತೆಗಳು ಬಂದ್ ಆದಾಗ, ನವೀಕರಣವಿಲ್ಲದ ಕಾರಿನ ನಕ್ಷೆ ಏನೂ ಆಗಿಲ್ಲವೆಂಬಂತೆ ಅದೇ ರಸ್ತೆಗೆ ಕರೆದೊಯ್ಯುತ್ತದೆ.

ಪೇಟೆಯಿಂದ ದೂರ ಹೋದಂತೆ ಈ ಲಾಭ ತೆಳುವಾಗುತ್ತದೆ. ಹೆಬ್ರಿಯಿಂದ ಆಗುಂಬೆ ಕಡೆಗಿನ ಕಾಡುದಾರಿಯಲ್ಲಿ ಫೋನುಗಳೂ ಕಡಿಮೆ, ಟವರೂ ಕಡಿಮೆ. ಮರ ಬಿದ್ದು ಅರ್ಧ ಗಂಟೆಯಾದರೂ ಆ ಸುದ್ದಿ ಮ್ಯಾಪಿಗೆ ಮುಟ್ಟದಿರಬಹುದು.

ಒಳದಾರಿಗೆ ಕಳಿಸುವ ವಿಷಯವೂ ಇಲ್ಲೇ ಬರುತ್ತದೆ. ದಾರಿ ಹುಡುಕುವ ಗಣಿತದ ಬುನಾದಿ ಹಾಕಿದವರು ನೆದರ್ಲೆಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರ. 1959ರಲ್ಲಿ ಅದನ್ನು ಪ್ರಕಟಿಸಿದರು. ಊರುಗಳನ್ನು ಬಿಂದುಗಳಾಗಿ, ರಸ್ತೆಗಳನ್ನು ಗೆರೆಗಳಾಗಿ ನೋಡಿ, ಪ್ರತಿ ಗೆರೆಗೂ ಒಂದು ಬೆಲೆ ಕಟ್ಟಿ, ಒಟ್ಟು ಬೆಲೆ ಅತಿ ಕಡಿಮೆಯಿರುವ ದಾರಿಯನ್ನು ಆರಿಸುವುದು ಅದರ ಸಾರ. ಆ್ಯಪಿನಲ್ಲಿ ಆ ಬೆಲೆ ಹೆಚ್ಚಾಗಿ ಸಮಯ. ರಸ್ತೆ ಎಷ್ಟು ಅಗಲ, ಎದುರಿಂದ ಖಾಸಗಿ ಬಸ್ಸು ಬಂದರೆ ಸರಿಯಲು ಜಾಗವುಂಟೇ, ಬದಿಯ ಮಣ್ಣು ಮಳೆಗೆ ಕುಸಿದಿದೆಯೇ ಎಂಬುದು ಆ ಬೆಲೆಯಲ್ಲಿ ಸರಿಯಾಗಿ ಸೇರಿಲ್ಲದಿದ್ದರೆ, ಎರಡು ನಿಮಿಷ ಉಳಿಸಲು ತೋಟದ ನಡುವಿನ ಕಾಂಕ್ರೀಟ್ ದಾರಿಗೆ ಅದು ನಿಮ್ಮನ್ನು ಇಳಿಸುತ್ತದೆ. 2024ರಲ್ಲಿ ಗೂಗಲ್ ಇಕ್ಕಟ್ಟಾದ ರಸ್ತೆ ತಪ್ಪಿಸುವ ಸೌಲಭ್ಯವನ್ನು ಭಾರತದ ಎಂಟು ನಗರಗಳಲ್ಲಿ ಶುರು ಮಾಡಿತು. ಮಂಗಳೂರು ಆ ಪಟ್ಟಿಯಲ್ಲಿರಲಿಲ್ಲ.

ಮಳೆಗಾಲದಲ್ಲಿ ಇದು ಜೀವದ ಪ್ರಶ್ನೆ. 2024ರ ಜೂನ್‌ನಲ್ಲಿ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ನಸುಕಿನಲ್ಲಿ ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರು ಮ್ಯಾಪ್ ನೋಡಿಕೊಂಡು ಹೋಗಿ, ತಡೆಗೋಡೆಯಿಲ್ಲದ ಸೇತುವೆಯ ಮೇಲೆ ಹರಿಯುತ್ತಿದ್ದ ಹೊಳೆಗೆ ಕಾರು ಇಳಿಸಿದರು. ಕಾರು ಕೊಚ್ಚಿಹೋಗಿ ಮರವೊಂದಕ್ಕೆ ಸಿಕ್ಕಿದ್ದರಿಂದ ಬದುಕಿದರು. ಅಂಥ ಮುಳುಗು ಸೇತುವೆಗಳು ನಮ್ಮ ಜಿಲ್ಲೆಗಳಲ್ಲೂ ಇವೆ. ಕಡಬ ದಾರಿಯ ಹೊಸ್ಮಠದಲ್ಲಿ ಹೊಸ ಸೇತುವೆ ಆಗುವವರೆಗೆ ಹಳೆಯದು ಮಳೆಗಾಲದಲ್ಲಿ ನೀರಿನಡಿ ಹೋಗುತ್ತಿತ್ತು. ನಕ್ಷೆಯಲ್ಲಿ ಅಂಥ ಸೇತುವೆಯೂ ಒಂದು ಗೆರೆ, ಬೇಸಗೆಯಲ್ಲೂ ಆಷಾಢದಲ್ಲೂ ಅದೇ ಗೆರೆ. 2018ರ ಆಗಸ್ಟಿನಲ್ಲಿ ಸಂಪಾಜೆ, ಶಿರಾಡಿ ಎರಡೂ ಕಡೆ ಗುಡ್ಡ ಕುಸಿದು ದಾರಿ ಮುಚ್ಚಿತ್ತು. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ಮತ್ತೆ ಕುಸಿಯಿತು. ಘಾಟಿ ಬಂದ್ ಎಂಬ ಆದೇಶವನ್ನು ಮೊದಲು ಕೊಡುವುದು ಜಿಲ್ಲಾಡಳಿತ, ತಿಳಿಸುವುದು ಊರಿನ ಪತ್ರಿಕೆ, ಪೊಲೀಸರ ಪ್ರಕಟಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಹತ್ತುವ ಮೊದಲು ಅವನ್ನು ನೋಡಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಪರದೆ ಏನೇ ಹೇಳಲಿ, ಕಾರು ಹಿಂದಕ್ಕೆ ತಿರುಗಿಸಿ.

ಎಲೆಕ್ಟ್ರಿಕ್ ಕಾರಿದ್ದವರ ಲೆಕ್ಕ ಬೇರೆ. ಕರಾವಳಿಯಿಂದ ಸಕಲೇಶಪುರಕ್ಕೆ ಸುಮಾರು 900 ಮೀಟರ್ ಏರಬೇಕು. 1,600 ಕೆ.ಜಿ. ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಸುಮಾರು 4 ಯುನಿಟ್ ವಿದ್ಯುತ್ ಬೇಕು, ಓಡುವ ಖರ್ಚು ಬೇರೆ. 30 ಯುನಿಟ್ ಬ್ಯಾಟರಿಯಲ್ಲಿ ಅದು ಎಂಟನೇ ಒಂದು ಪಾಲಿಗಿಂತ ಹೆಚ್ಚು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಗೊತ್ತಿರುವುದು ಕಾರಿಗೆ. ಕಾರಿನೊಡನೆ ಬೆರೆಯದ ಫೋನಿಗೆ ಅದು ತಿಳಿಯುವ ದಾರಿಯಿಲ್ಲ. ಹಾಗಾಗಿ ಏರಿನ ಲೆಕ್ಕ ಹಾಕಿ ಎಲ್ಲಿ ಚಾರ್ಜ್ ಮಾಡಬೇಕೆಂದು ಹೇಳುವ ನ್ಯಾವಿಗೇಶನ್ ಕಾರಿನಲ್ಲೇ ಇದ್ದರೆ ಅದಕ್ಕೆ ಹೆಚ್ಚು ಹಣ ಕೊಡುವುದು ಸರಿ. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಬರೇ ನ್ಯಾವಿಗೇಶನ್ನಿಗಾಗಿ ಮೇಲಿನ ವೇರಿಯಂಟ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇ ಇರುವ ಪರದೆ ಸಾಕು.

ಇನ್ನು ಮನೆ ಹುಡುಕುವ ಪಾಡು. ಇಲ್ಲಿನ ಹಳ್ಳಿಗಳಲ್ಲಿ ಮನೆಗಳು ಬೀದಿಯಲ್ಲಿ ಸಾಲಾಗಿರುವುದಿಲ್ಲ, ಒಂದೊಂದೂ ತನ್ನ ತೋಟದ ಮಧ್ಯೆ ಇರುತ್ತದೆ. ವಿಳಾಸವೆಂದರೆ ಮನೆಯ ಹೆಸರು, ಗ್ರಾಮ, ಅಂಚೆ. ವಾಟ್ಸ್‌ಆ್ಯಪಿನಲ್ಲಿ ಲೊಕೇಶನ್ ಕಳಿಸಿದರೂ ಅತಿಥಿಗಳು ತೋಡಿನ ಆಚೆ ದಡದಲ್ಲಿ ನಿಂತು ಫೋನ್ ಮಾಡುತ್ತಾರೆ. ಕಾರಣವಿಷ್ಟೆ: ಆ್ಯಪ್ ನಿಮ್ಮ ಮನೆಯ ಚುಕ್ಕೆಗೆ ನೇರ ಅಳತೆಯಲ್ಲಿ ಅತಿ ಹತ್ತಿರವಿರುವ, ತನಗೆ ಗೊತ್ತಿರುವ ರಸ್ತೆಗೆ ತಂದು ನಿಲ್ಲಿಸುತ್ತದೆ. ನಿಮ್ಮ ಅಂಗಳದವರೆಗಿನ ದಾರಿ ನಕ್ಷೆಯಲ್ಲಿಲ್ಲದೆ, ತೋಡಿನ ಆಚೆಯ ಪಂಚಾಯತ್ ರಸ್ತೆ ಇದ್ದರೆ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಮನೆಯ ಜಗಲಿಯಲ್ಲಿ ಕೂತು ಲೊಕೇಶನ್ ಕಳಿಸಬೇಡಿ. ಡಾಮರು ರಸ್ತೆಯಿಂದ ನಿಮ್ಮ ದಾರಿ ಕವಲೊಡೆಯುವ ಜಾಗದ್ದನ್ನು ಕಳಿಸಿ. ಗೂಗಲ್ ಮ್ಯಾಪಿನ ಪ್ಲಸ್ ಕೋಡ್ ಎಂಬ ಅಕ್ಷರ-ಅಂಕಿಗಳ ಸಣ್ಣ ವಿಳಾಸ ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ಗುರುತಿಸುತ್ತದೆ. ಗೇಟಿನ ಪ್ಲಸ್ ಕೋಡನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ದೂರದಿಂದ ಬರುವವರಿಗೆ ದೊಡ್ಡ ಉಪಕಾರ.

ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳುವವರು ದಕ್ಷಿಣಕ್ಕೆ ತಲಪಾಡಿ, ಉತ್ತರಕ್ಕೆ ಶಿರೂರು, ಪೂರ್ವಕ್ಕೆ ಶೃಂಗೇರಿ, ಮೂಡಿಗೆರೆ, ಸಕಲೇಶಪುರ ಒಳಗೆ ಬರುವಂತೆ ಚೌಕ ಎಳೆಯಿರಿ. ಒಂದರಲ್ಲಿ ಹಿಡಿಸದಿದ್ದರೆ ಎರಡು ಮಾಡಿ. ಮಡಿಕೇರಿ ಕಡೆಗೆ ಹೋಗುವವರು ಅದನ್ನೂ ಸೇರಿಸಿಕೊಳ್ಳಿ. ಇಳಿಸಿದ್ದಕ್ಕೆ ಅವಧಿ ಇರುವುದರಿಂದ ವೈಫೈ ಸಿಕ್ಕಾಗ ತಾನಾಗಿ ನವೀಕರಿಸುವ ಆಯ್ಕೆಯನ್ನು ಆನ್ ಇಡಿ. ಕಾರಿನಲ್ಲೇ ನ್ಯಾವಿಗೇಶನ್ ಇರುವವರು ಸೆಟ್ಟಿಂಗ್ಸ್‌ಗೆ ಹೋಗಿ ನಕ್ಷೆ ಯಾವ ವರ್ಷದ್ದೆಂದು ಇವತ್ತೇ ನೋಡಿ, ಮುಂದಿನ ಸರ್ವಿಸ್‌ಗೆ ಬಿಡುವಾಗ ಅದನ್ನು ನವೀಕರಿಸಿ ಕೊಡುವಂತೆ ಜಾಬ್ ಕಾರ್ಡಿನಲ್ಲಿ ಬರೆಸಿ.